ಕಚೇರಿಗೂ ಮಂಚಕ್ಕೂ ನಡುವೆ

ಡಿ.ವಿ.ಜಿ.ಯವರ ಜನ್ಮಭೂಮಿಯಾದ ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಯ ಕಡೆಗೆ ಚಾಚಿಕೊಂಡಿರುವ ಬೈರಕೂರು ಹೋಬಳಿಯ ಜನ ಕನ್ನಡವನ್ನೂ ತೆಲುಗನ್ನೂ ಸಮಾನ ಸಲಿಗೆಯಿಂದ ಆಡುತ್ತ, ರಾಗಿ, ರೇಷ್ಮೆ, ಟೊಮ್ಯಾಟೊ, ಹಾಲುಗಳನ್ನು ನಂಬಿ ಬಾಳತಕ್ಕವರು. ಇಲ್ಲಿ ಪಾರ್ಶ್ವವಾಯುವಿನಿಂದ ಕೈಕಾಲು ಸೋತ ವೃದ್ಧರಿಗಾಗಲಿ, ಕಿವಿ ಕೇಳಿಸದ ಮಗುವಿಗಾಗಲಿ ಬೇಕಾದ ವೈದ್ಯಸಹಾಯವು ಜಿಲ್ಲೆಯಲ್ಲಿಯೇ ಇಲ್ಲವೆಂದಲ್ಲ. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯುಂಟು, ಮಿಷನರಿಗಳು ಕಟ್ಟಿದ ಇ.ಟಿ.ಸಿ.ಎಂ. ಆಸ್ಪತ್ರೆಯುಂಟು, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜುಂಟು. ಆದರೆ ನಡೆಯಲಾರದವನನ್ನು ಎತ್ತಿ ಬಸ್ಸು ಹತ್ತಿಸಿ, ಜೊತೆಗೆ ಬಂದವನ ದಿನಗೂಲಿಯನ್ನೂ ಕಳೆದುಕೊಂಡು, ಅಷ್ಟು ದೂರ ಹೋದಮೇಲೆ ‘ಡಾಕ್ಟರು ಇವತ್ತು ರಜ, ಮುಂದಿನ ವಾರ ಬನ್ನಿ’ ಎಂಬ ಮಾತು ಕೇಳಿ ಹಿಂದಿರುಗಿದ ಕುಟುಂಬವು ಮತ್ತೆ ಹೊರಡುವುದು ದುರ್ಲಭ.

ಈ ಅಂತರವನ್ನು ತುಂಬುವುದಕ್ಕೆಂದು ಈ ಶತಮಾನದ ಮೊದಲ ದಶಕದಿಂದ ನಮ್ಮ ರಾಜ್ಯದಲ್ಲಿ ಬೇರೂರಿರುವ ವ್ಯವಸ್ಥೆಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರದು. ಕಚೇರಿಗಳಲ್ಲಿ ಇವರ ಹೆಸರು ‘ವಿ.ಆರ್.ಡಬ್ಲ್ಯು.’; ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಮೇಲ್ವಿಚಾರಕರಾಗಿರುತ್ತಾರೆ. ಗ್ರಾಮಪಂಚಾಯಿತಿಗೆ ಒಬ್ಬರಂತೆ, ಓದುಬರಹ ಬಲ್ಲ ವಿಕಲಚೇತನರನ್ನೇ, ಸಾಧ್ಯವಾದ ಮಟ್ಟಿಗೆ ಅದೇ ಪಂಚಾಯಿತಿಯವರನ್ನೇ ಆರಿಸುವುದು ಈ ಯೋಜನೆಯ ಅತ್ಯಂತ ವಿವೇಕಯುತವಾದ ಅಂಶವೆಂದು ನನ್ನ ಭಾವನೆ. ಊರುಗೋಲು ಹಿಡಿದು ಬಂದವರು ‘ಅಮ್ಮಾ, ಮಗನನ್ನು ಒಳಗಿಟ್ಟುಕೊಳ್ಳಬೇಡಿ, ಶಾಲೆಗೆ ಕಳಿಸಿ’ ಎಂದಾಗ, ಅದನ್ನು ಉಪದೇಶವೆಂದು ತಳ್ಳಿಹಾಕುವ ಧೈರ್ಯ ಯಾವ ತಾಯಿಗೆ ಬಂದೀತು?

ವಿಕಲಚೇತನರನ್ನು ಕುರಿತ 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಅಂಗೀಕರಿಸಿದ್ದಿತು. 2016ರ ಕಾನೂನು ಅವುಗಳನ್ನು 21ಕ್ಕೆ ಏರಿಸಿತು. ಆದುದರಿಂದ ಈ ಕಾರ್ಯಕರ್ತರು ಮನೆಮನೆಗೆ ಹೋಗಿ ಪಟ್ಟಿ ಮಾಡುವ ಕೆಲಸವೂ ಬೆಳೆಯಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಂಟೆಂದು ತಜ್ಞರು ಪ್ರಮಾಣೀಕರಿಸಿದ ಹೊರತು ಮಾಸಾಶನವಿಲ್ಲ, ಬಸ್ ಪಾಸಿಲ್ಲ. ‘ಪರ್ಸೆಂಟೇಜ್ ಎಷ್ಟು ಹಾಕಿದರು?’ ಎಂಬುದೇ ಕುಶಲಪ್ರಶ್ನೆಯ ಸ್ಥಾನವನ್ನು ಪಡೆದುಕೊಂಡಿರುವುದು ವಿಷಾದಕರವಾದರೂ ನಿಜ.

ಈ ಸೀಮೆಯ ವಿಶೇಷ ಸಂಕಟವೊಂದುಂಟು. ಬತ್ತದ ನದಿಯೊಂದೂ ಇಲ್ಲದ ಜಿಲ್ಲೆಯಲ್ಲಿ ಜನ ಆಳವಾದ ಕೊಳವೆಬಾವಿಗಳಿಗೆ ಶರಣಾದುದರಿಂದ, ಗ್ರಾನೈಟ್ ಶಿಲೆಯೊಳಗಿನ ಫ್ಲೋರೈಡು ಕುಡಿಯುವ ನೀರಿನೊಡನೆ ಮೇಲೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದಲ್ಲಿ ಮಕ್ಕಳ ಹಲ್ಲಿನಲ್ಲಿ ಕಂದುಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಹಿರಿಯರ ಬೆನ್ನು ಬಾಗಿ ಕೀಲುಗಳು ಬಿಗಿಯುತ್ತವೆ. 1937ರಲ್ಲಿಯೇ ನೆಲ್ಲೂರು ಜಿಲ್ಲೆಯಿಂದ ಷಾರ್ಟ್ ಮೊದಲಾದ ವೈದ್ಯರು ಈ ವ್ಯಾಧಿಯನ್ನು ವರ್ಣಿಸಿದ್ದರು. 21ರ ಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಬೆನ್ನು ಬಾಗಿದವರು ಚಲನವೈಕಲ್ಯದ ಅಡಿಯಲ್ಲಿಯೇ ಬರತಕ್ಕದ್ದು. ಇದನ್ನು ಮುಪ್ಪೆಂದೇ ನಂಬಿ ಸುಮ್ಮನಿರುವವರನ್ನು ಆಸ್ಪತ್ರೆಯ ಶಿಬಿರಕ್ಕೆ ಹೊರಡಿಸುವುದು ಕಾರ್ಯಕರ್ತರ ಪಾಲಿಗೆ ಅರ್ಜಿ ತುಂಬಿಸುವುದಕ್ಕಿಂತ ಕಠಿನವಾದ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ ಪ್ರಕಟಿಸಿದ ಸಮುದಾಯ ಆಧಾರಿತ ಪುನರ್ವಸತಿಯ ಕೈಪಿಡಿಯು, ಕೈ ಚಾಚಿಸುವುದು, ಕೂಡಿಸುವುದು, ಮಾತು ಕಲಿಸುವುದು ಮುಂತಾದ ಅಭ್ಯಾಸಗಳನ್ನು ಮನೆಯವರಿಗೇ ಕಲಿಸಬೇಕೆಂಬ ಆಶಯದ್ದು. ನಮ್ಮ ಕಾರ್ಯಕರ್ತರ ಚೀಲದಲ್ಲಿಯಾದರೋ ಕಡತಗಳೇ ತುಂಬಿವೆ. ಸಂಬಳವೆನ್ನಲಾಗದ ಗೌರವಧನಕ್ಕೆ ಅವರಿಂದ ಗುಮಾಸ್ತೆಯ ಕೆಲಸವನ್ನೂ ಶುಶ್ರೂಷಕನ ಕೆಲಸವನ್ನೂ ಒಟ್ಟಿಗೆ ಬಯಸುವುದು ನ್ಯಾಯವಲ್ಲ.

ಪಂಚಾಯಿತಿಯು ತನ್ನ ಸ್ವಂತ ವರಮಾನದಲ್ಲಿ ಶೇಕಡಾ 5ನ್ನು ವಿಕಲಚೇತನರಿಗಾಗಿ ಮೀಸಲಿಡತಕ್ಕದ್ದು. ಆ ಹಣ ಎಲ್ಲಿ ವ್ಯಯವಾಯಿತೆಂದು ಕೇಳುವುದಕ್ಕೆ ವಿಕಲಚೇತನರ ಸಮನ್ವಯ ಗ್ರಾಮಸಭೆಯೇ ತಕ್ಕ ಸ್ಥಳ. ಮನೆಯಲ್ಲಿ ಹಾಸಿಗೆ ಹಿಡಿದವರಿರುವ ಓದುಗರು ಪಂಚಾಯಿತಿ ಕಚೇರಿಗೆ ಹೋಗಿ ‘ನಮ್ಮ ವಿ.ಆರ್.ಡಬ್ಲ್ಯು. ಯಾರು?’ ಎಂದು ವಿಚಾರಿಸಬಹುದು. ಅರ್ಜಿ ಹಾಕಲು ರೋಗಿಯನ್ನು ಅಲ್ಲಿಯವರೆಗೆ ಹೊತ್ತೊಯ್ಯಬೇಕಾಗಿಲ್ಲ.