ಪಾಳಣಾಘರದ ಡಬ್ಬಿ ಮತ್ತು ಸಕ್ಕರೆಯ ಲೆಕ್ಕ

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ‘ಪಾಳಣಾಘರ’ ಎಂಬ ಮರಾಠಿ ಶಬ್ದ ಈಗ ನಮ್ಮದೇ ಎನ್ನುವಷ್ಟು ಬಳಕೆಗೆ ಬಂದಿದೆ. ನಾಸಿಕ್‌ನ ಸಾತಪುರ, ಅಂಬಡ ಇರಲಿ, 2023ರವರೆಗೆ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರದ ವಾಳೂಜ್, ಚಿಕಲಠಾಣಾ ಇರಲಿ, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯ ಮಗು ಬೆಳಗ್ಗೆ ಒಂಬತ್ತಕ್ಕೆ ಅಲ್ಲಿಗೆ ಹೋಗಿ ಸಂಜೆ ಆರಕ್ಕೆ ಮರಳುತ್ತದೆ. ಊರಿನಲ್ಲಾದರೆ ಅಜ್ಜಿ, ಚಿಕ್ಕಮ್ಮ, ದೊಡ್ಡಮ್ಮಂದಿರು ಹಂಚಿಕೊಳ್ಳುತ್ತಿದ್ದ ಕೆಲಸವನ್ನು ಇಲ್ಲಿ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬ ಮಾವಶಿ ಮಾಡುತ್ತಾರೆ. ಅವರ ಮೇಲೆ ದೂರು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ದೂರು ಇರುವುದು ನನ್ನ ಮೇಲೆಯೇ.

ನನ್ನ ಮಗಳ ಮಗಳಿಗೆ ಈಗ ಮೂರೂವರೆ ವರ್ಷ. ನನ್ನ ಹೆಂಡತಿಗೆ ಮೊಣಕಾಲು ನೋವು, ಇಡೀ ದಿನ ಮಗುವಿನ ಹಿಂದೆ ಓಡಲು ಆಗದು. ಆದ್ದರಿಂದ ಮಗು ಒಂದೂವರೆ ವರ್ಷದಿಂದ ಮನೆಯ ಹತ್ತಿರದ ಪಾಳಣಾಘರಕ್ಕೆ ಹೋಗುತ್ತಿದೆ. ಸಂಜೆ ಬ್ಯಾಂಕಿನಿಂದ ಬರುವಾಗ ಅವಳನ್ನು ಕರೆತರುವ ಪಾಳಿ ನನ್ನದು. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕೆನ್ನೆ ಹಿಡಿದುಕೊಂಡು ಅತ್ತಳು. ದಂತವೈದ್ಯರು ಟಾರ್ಚ್ ಹಾಕಿ ನೋಡಿದರೆ ಮೇಲಿನ ನಾಲ್ಕು ಮುಂಭಾಗದ ಹಲ್ಲು ಕಂದು ಬಣ್ಣಕ್ಕೆ ತಿರುಗಿವೆ, ಒಂದು ದವಡೆ ಹಲ್ಲು ಒಳಗಿನ ನರದವರೆಗೆ ಹುಳುಕು ಹಿಡಿದಿದೆ. ಮೂರು ವರ್ಷದ ಮಗುವಿಗೆ ರೂಟ್ ಕೆನಾಲ್ ಎಂದಾಗ ನಾನು ತಮಾಷೆ ಎಂದುಕೊಂಡೆ. ಮಗುವನ್ನು ಮಗಳ ಮಡಿಲಲ್ಲಿ ಅಲುಗಾಡದಂತೆ ಹಿಡಿದು ಇಂಜೆಕ್ಷನ್ ಚುಚ್ಚಿದ ದಿನ ನಾನು ಹೊರಗೆ ಬೆಂಚಿನಲ್ಲಿ ಕುಳಿತಿದ್ದೆ. ಆ ಕೂಗನ್ನು ಮರೆಯುವುದು ಕಷ್ಟ.

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದಲ್ಲ ಎಂದು ಕೇಳಿದ್ದಕ್ಕೆ ವೈದ್ಯರು ಸಮಾಧಾನದಿಂದಲೇ ವಿವರಿಸಿದರು. ಹಿಂಬದಿಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರಬೇಕು, ಅವು ಬೇಗ ಹೋದರೆ ಹೊಸ ಹಲ್ಲಿನ ಜಾಗ ಕಿರಿದಾಗುತ್ತದೆ. ಬಾಯಿಯೊಳಗಿನ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿ ಮಾಡುತ್ತವೆ, ಆ ಆಮ್ಲ ಪ್ರತಿಸಲ ಅರ್ಧ ಗಂಟೆಯವರೆಗೂ ಹಲ್ಲನ್ನು ತಿನ್ನುತ್ತದೆ. ಎಷ್ಟು ಸಕ್ಕರೆ ಎಂಬುದರ ಜೊತೆಗೆ ದಿನಕ್ಕೆ ಎಷ್ಟು ಸಲ ಎಂಬುದೂ ಮುಖ್ಯ. ಮಲಗುವ ಮುನ್ನ ಬಾಟಲಿಯಲ್ಲಿ ಸಿಹಿ ಹಾಲು ಕುಡಿದರೆ ಇನ್ನೂ ಕಷ್ಟ, ಏಕೆಂದರೆ ನಿದ್ರೆಯಲ್ಲಿ ಬಾಯಿ ತೊಳೆಯುವಷ್ಟು ಎಂಜಲು ಊರುವುದಿಲ್ಲ.

ಆಮೇಲೆ ಅವರು, “ಮಗು ದಿನಕ್ಕೆ ಎಷ್ಟು ಸಲ ಸಿಹಿ ತಿನ್ನುತ್ತದೆ?” ಎಂದು ಕೇಳಿದರು. ಮಗಳು ಒಂದು ಎಂದಳು, ನಾನು ಒಂದು ಎಂದೆ, ಹೆಂಡತಿಯೂ ಒಂದೇ ಎಂದಳು. ಅವರವರ ಮಟ್ಟಿಗೆ ಮೂವರೂ ಹೇಳಿದ್ದು ನಿಜ. ಯಾರೂ ಒಟ್ಟು ಮಾಡಿರಲಿಲ್ಲ ಅಷ್ಟೇ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಅಂಕಿ ಕೂಡಿಸಿದವನು ನಾನು. ಆ ರಾತ್ರಿ ಹಳೆಯ ಡೈರಿಯಲ್ಲಿ ಪ್ಯಾಕೆಟ್‌ಗಳ ಹಿಂಬದಿ ಓದುತ್ತಾ ಜಮಾ ಖರ್ಚು ಬರೆದೆ. ಬೆಳಗ್ಗೆ ಹಾಲಿಗೆ ಎರಡು ದೊಡ್ಡ ಚಮಚ ಚಾಕೊಲೇಟ್ ಪುಡಿ, 100 ಗ್ರಾಂ ಪುಡಿಯಲ್ಲಿ 32 ಗ್ರಾಂ ಸಕ್ಕರೆ. ಅದರ ಮೇಲೆ ಅಜ್ಜಿ ಹಾಕುವ ಒಂದು ಚಮಚ. ಇದು 10 ಗ್ರಾಂ. ಡಬ್ಬಿಯಲ್ಲಿ ಮೂರು ಕ್ರೀಮ್ ಬಿಸ್ಕತ್ತು, ಸುಮಾರು 10. ಅಳು ನಿಲ್ಲಿಸಲು, ಹೇಳಿದ ಮಾತು ಕೇಳಿದ್ದಕ್ಕೆ ಮಾವಶಿ ಕೊಡುವ ಎರಡು ಚಾಕಲೇಟು, 6. ಸಂಜೆ ಪಾಳಣಾಘರದ ಕೆಳಗಿನ ಅಂಗಡಿಯಲ್ಲಿ ಅಜ್ಜ ಕೊಡಿಸುವ ಮಾವಿನ ಪಾನೀಯದ ಪುಟ್ಟ ಪೆಟ್ಟಿಗೆ, 19. ಒಟ್ಟು 45 ಗ್ರಾಂ, ಅಂದರೆ ಮಟ್ಟಸವಾಗಿ ತುಂಬಿದ ಹನ್ನೊಂದು ಚಹಾ ಚಮಚ. ನಾಲ್ಕು ಕೈಗಳಲ್ಲಿ ಅತಿ ಧಾರಾಳದ ಕೈ ನನ್ನದೇ ಆಗಿತ್ತು.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಹೇಳಿದ ಪ್ರಕಾರ ಇಂತಹ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಮಗುವಿನ ವಯಸ್ಸಿಗೆ ದಿನಕ್ಕೆ ಸುಮಾರು ಸಾವಿರ ಕ್ಯಾಲೊರಿ ಎಂದು ಹಿಡಿದರೆ ಮೇಲಿನ ಮಿತಿ 25 ಗ್ರಾಂ, ಒಳ್ಳೆಯ ಮಿತಿ 12-13 ಗ್ರಾಂ. ಜೇನುತುಪ್ಪ, ಹಣ್ಣಿನ ರಸದ ಸಕ್ಕರೆಯೂ ಈ ಲೆಕ್ಕದಲ್ಲೇ ಬರುತ್ತದೆ. ‘ಬೆಲ್ಲ ಅಲ್ಲವೇ, ಪರವಾಗಿಲ್ಲ’ ಎನ್ನುವ ನಮ್ಮವರ ಸಮಾಧಾನ ಹಲ್ಲಿಗೆ ಗೊತ್ತಾಗುವುದಿಲ್ಲ. ಇಡೀ ಹಣ್ಣು ಮತ್ತು ಬರಿಯ ಹಾಲಿನೊಳಗಿನ ಸಕ್ಕರೆ ಮಾತ್ರ ಈ ಲೆಕ್ಕಕ್ಕೆ ಸೇರದು. ಭಾರತೀಯ ಮಕ್ಕಳ ವೈದ್ಯರ ಸಂಘ 2019ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ಜ್ಯೂಸೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 125 ಮಿಲಿ ಲೀಟರ್.

ಹಲ್ಲಿಗೆ ಮುಗಿಯುವ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನಲ್ಲಿ ಸಕ್ಕರೆಗೆ ರೇಷನ್ ಇತ್ತು. 1953ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದ ಕೂಡಲೇ ವಯಸ್ಕರ ಸಕ್ಕರೆ ದಿನಕ್ಕೆ 40 ಗ್ರಾಂನಿಂದ ಸುಮಾರು 80 ಗ್ರಾಂಗೆ ಏರಿತು. ರೇಷನ್ ಕಾಲದಲ್ಲಿ ತಾಯಿಯ ಹೊಟ್ಟೆಯಲ್ಲಿದ್ದು ಹುಟ್ಟಿ ಬೆಳೆದವರನ್ನೂ ಅದರ ನಂತರದವರನ್ನೂ ಸಂಶೋಧಕರು ಹೋಲಿಸಿ ನೋಡಿ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ ಸಾವಿರ ದಿನ ಕಡಿಮೆ ಸಕ್ಕರೆಯಲ್ಲಿ ಕಳೆದವರಿಗೆ ದೊಡ್ಡವರಾದ ಮೇಲೆ ಮಧುಮೇಹದ ಅಪಾಯ ಸುಮಾರು ಶೇ. 35, ರಕ್ತದೊತ್ತಡದ ಅಪಾಯ ಸುಮಾರು ಶೇ. 20 ಕಡಿಮೆ ಇತ್ತಂತೆ. ನಮ್ಮ ಸಂಘದ ಸಭೆಗಳಲ್ಲಿ ಊಟದ ಸಾಲಿನಲ್ಲಿ ನಿಂತ ಹಿರಿಯರಲ್ಲಿ ಎಷ್ಟು ಮಂದಿ ಪಾಯಸ ಬಿಟ್ಟು ಮುಂದೆ ಹೋಗುತ್ತಾರೆ ಎಂಬುದನ್ನು ನೀವೂ ಕಂಡಿದ್ದೀರಿ.

ಸರ್ಕಾರದ ಕಡೆಯಿಂದಲೂ ಕೆಲವು ಕ್ರಮಗಳಾಗಿವೆ. ಮಹಾರಾಷ್ಟ್ರ ಸರ್ಕಾರ 2017ರಲ್ಲಿ ಶಾಲಾ ಕ್ಯಾಂಟೀನುಗಳಲ್ಲಿ ಜಂಕ್ ಫುಡ್ ನಿಷೇಧಿಸಿತು. 2024ರ ಏಪ್ರಿಲ್‌ನಲ್ಲಿ ಬೋರ್ನ್‌ವಿಟಾ ಸಹಿತ ಇಂತಹ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ತೆಗೆಯುವಂತೆ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಅದೇ ತಿಂಗಳು ಸ್ವಿಟ್ಜರ್‌ಲ್ಯಾಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ, ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಬಾರಿಯ ತುತ್ತಿಗೆ ಸರಾಸರಿ 2.7 ಗ್ರಾಂ ಸಕ್ಕರೆ ಸೇರಿಸಿರುವುದನ್ನೂ ಸ್ವಿಟ್ಜರ್‌ಲ್ಯಾಂಡಿನಲ್ಲಿ ಸೇರಿಸದೇ ಇರುವುದನ್ನೂ ಬಯಲಿಗಿಟ್ಟಿತು. ಗದ್ದಲದ ನಂತರ ಕಂಪನಿ ಇಲ್ಲಿಯೂ ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳನ್ನು ತಂದಿತು. 2025ರ ಮೇಯಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ‘ಶುಗರ್ ಬೋರ್ಡ್’ ಹಾಕಲು ಆದೇಶಿಸಿತು. ಆದರೆ ಈ ಬೋರ್ಡು ಮಗು ಶಾಲೆಯ ಮೆಟ್ಟಿಲು ಹತ್ತಿದ ಮೇಲಿನ ಮಾತು. ಪಾಳಣಾಘರದಲ್ಲಿ ಕ್ಯಾಂಟೀನೂ ಇಲ್ಲ, ಮಾರಾಟವೂ ಇಲ್ಲ. ಸಕ್ಕರೆ ಬರುವುದು ನಾವು ಕಟ್ಟಿಕೊಡುವ ಡಬ್ಬಿಯಲ್ಲಿ.

ಮಗ ಸಂಭಾಜಿನಗರದ ಸಿಡ್ಕೋದಲ್ಲಿದ್ದಾನೆ. ದೀಪಾವಳಿಗೆ ಅಲ್ಲಿಗೆ ಹೋದೆವು. ಯೇವಲಾ, ವೈಜಾಪುರದ ದಾರಿ. ನಿಫಾಡದ ದ್ರಾಕ್ಷಿ ತೋಟಗಳು ಕಳೆದರೆ ಅಲ್ಲಲ್ಲಿ ಕಬ್ಬು. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ವಿಠ್ಠಲರಾವ್ ವಿಖೆ ಪಾಟೀಲರು 1950ರಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಆರಂಭಿಸಿದ ಪ್ರವರಾನಗರ. ಕಬ್ಬಿನ ಬಿಲ್ಲು ಜಮೆಯಾದ ದಿನ ಬ್ಯಾಂಕಿನ ಕೌಂಟರ್ ಹೇಗೆ ತುಂಬುತ್ತದೆಂದು ಬಲ್ಲ ನನಗೆ ಸಕ್ಕರೆಯನ್ನು ವಿಷ ಎಂದು ಬೈಯಲು ಮನಸ್ಸು ಬಾರದು. ಇಲ್ಲಿನ ಎಷ್ಟೋ ಮಕ್ಕಳ ಶಾಲಾ ಫೀಸು ಅದರಿಂದಲೇ ಬಂದಿದೆ.

ಅಲ್ಲಿ ಮೊಮ್ಮಗ ಹೋಗುವ ಪಾಳಣಾಘರದ ಪದ್ಧತಿ ಬೇರೆ. ಮನೆಯಿಂದ ಡಬ್ಬಿ ತರುವಂತಿಲ್ಲ, ಎಲ್ಲ ಮಕ್ಕಳಿಗೂ ಬಾಯಿಯವರೇ ಒಂದೇ ಒಲೆಯಲ್ಲಿ ಮಾಡುತ್ತಾರೆ. ಪೋಹೆ, ಥಾಲಿಪೀಠ, ಖಿಚಡಿ, ನಾಲ್ಕು ಗಂಟೆಗೆ ಸೀತಾಫಲ, ಪೇರಳೆ ಅಥವಾ ಮೋಸಂಬಿಯ ತೊಳೆ. ಕುಡಿಯಲು ನೀರು, ಮಜ್ಜಿಗೆ. ಹುಟ್ಟುಹಬ್ಬಕ್ಕೆ ಕೇಕು ತಂದರೆ ಮೇಣದ ಬತ್ತಿ ಆರಿಸಿ ಹಾಗೇ ಮನೆಗೆ ವಾಪಸು. “ಮಕ್ಕಳು ಹಟ ಮಾಡುವುದಿಲ್ಲವೇ?” ಎಂದು ಕೇಳಿದೆ. “ಪಕ್ಕದವನ ಡಬ್ಬಿಯಲ್ಲಿ ಕಂಡರಲ್ಲವೇ ಕಾಕಾ ಹಟ” ಎಂದರು. ನನಗೆ ಇದೇ ಕೀಲಿಕೈ ಎನಿಸಿತು. ಒಬ್ಬ ತಾಯಿ ಎಷ್ಟೇ ಮನಸ್ಸು ಗಟ್ಟಿ ಮಾಡಿ ಉಪ್ಪಿಟ್ಟು ಕಟ್ಟಿದರೂ ಪಕ್ಕದ ಡಬ್ಬಿಯಲ್ಲಿ ಕ್ರೀಮ್ ಬಿಸ್ಕತ್ತಿದ್ದರೆ ಉಪ್ಪಿಟ್ಟು ಹಾಗೇ ವಾಪಸು ಬರುತ್ತದೆ. ಎಲ್ಲ ಮನೆಯವರೂ ಒಂದೇ ದಿನ ಬಿಡಬೇಕು.

ನಾಸಿಕ್‌ಗೆ ಮರಳಿ ಒಂದು ಭಾನುವಾರ ಪಾಳಣಾಘರದಲ್ಲಿ ಪೋಷಕರನ್ನು ಸೇರಿಸಿದೆವು. ಹನ್ನೊಂದು ಮನೆ, ಅದರಲ್ಲಿ ಮೂರು ಕನ್ನಡದವರದು. ಸಭೆ ಸುಲಭವಾಗಿ ಸಾಗಲಿಲ್ಲ. ಒಬ್ಬ ಅಜ್ಜಿ, “ನಾವೆಲ್ಲ ಸಕ್ಕರೆ ತಿಂದೇ ಬೆಳೆದವರು” ಎಂದರು. ಬೆಳಗ್ಗೆ ಆರೂವರೆಯ ಕಂಪನಿ ಬಸ್ಸು ಹಿಡಿಯುವ ತಾಯಿಯೊಬ್ಬರು, “ಬಿಸ್ಕತ್ತು ಬೇಡವೆಂದರೆ ಐದು ಗಂಟೆಗೆ ಎದ್ದು ದೋಸೆ ಹೊಯ್ಯುವವರು ಯಾರು?” ಎಂದಾಗ ಯಾರ ಬಳಿಯೂ ಉತ್ತರ ಇರಲಿಲ್ಲ. ಕೊನೆಗೆ ಮಾವಶಿಯೇ ದಾರಿ ಹೇಳಿದರು. ತಿಂಗಳಿಗೆ ಪ್ರತಿ ಮನೆಯವರು ಮುನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ಹನ್ನೊಂದು ಗಂಟೆಯ ತಿಂಡಿ ಅವರೇ ಮಾಡುತ್ತಾರೆ. ಆರೂವರೆಯ ಬಸ್ಸಿನ ತಾಯಿಗೆ ಎಲ್ಲರಿಗಿಂತ ಹೆಚ್ಚು ಸಂತೋಷ.

ಹಾಲಿನ ಸಕ್ಕರೆಯನ್ನು ಒಮ್ಮೆಲೇ ನಿಲ್ಲಿಸಲಿಲ್ಲ. ವಾರಕ್ಕೆ ಕಾಲು ಚಮಚದಂತೆ ಇಳಿಸಿದೆವು, ಐದನೇ ವಾರಕ್ಕೆ ಬರಿಯ ಹಾಲು. ಮೊದಲ ಹದಿನೈದು ದಿನ ಅರ್ಧ ಲೋಟ ಚೆಲ್ಲಿಹೋಯಿತು. ಈಗ ಅವಳು ಕೇಳುವುದೇ ಇಲ್ಲ, ಕೇಳುವುದು ಅಜ್ಜಿಯ ಕೈ ಮಾತ್ರ. ಚಾಕಲೇಟಿನ ಬದಲು ಮಾವಶಿ ಈಗ ಮಕ್ಕಳ ಅಂಗೈಗೆ ನಕ್ಷತ್ರದ ಮುದ್ರೆ ಒತ್ತುತ್ತಾರೆ. ದ್ರಾಕ್ಷಿಯ ಊರಲ್ಲಿದ್ದೇವೆ, ಸುಗ್ಗಿಯಲ್ಲಿ ದ್ರಾಕ್ಷಿ ಧಾರಾಳ; ಆದರೆ ಸಣ್ಣ ಮಕ್ಕಳಿಗೆ ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಉದ್ದಕ್ಕೆ ನಾಲ್ಕು ಹೋಳು ಮಾಡಿಯೇ ಕೊಡಬೇಕು. ಶೇಂಗಾ ಕೂಡ ಹಾಗೆಯೇ, ಪುಡಿ ಮಾಡಿ ಚಪಾತಿಗೆ ಹಚ್ಚಿದರೆ ಕ್ಷೇಮ. ಹಬ್ಬಕ್ಕೆ ವಿನಾಯಿತಿ ಇದೆ. ಸಂಕ್ರಾಂತಿಗೆ ಎಳ್ಳು-ಬೆಲ್ಲ, ತಿಳಗೂಳ ಹಂಚದೆ ಇರುವಷ್ಟು ಒಣಕಲು ನಾವಾಗಲಿಲ್ಲ.

ಎಲ್ಲವೂ ಗೆದ್ದಿತೆಂದು ಹೇಳಲಾರೆ. ಎರಡು ಮನೆಯವರು ಮುನ್ನೂರು ರೂಪಾಯಿ ಕೊಡಲು ಒಪ್ಪಲಿಲ್ಲ, ಅವರ ಡಬ್ಬಿ ಬೇರೆಯೇ ಬರುತ್ತದೆ. ಆ ಇಬ್ಬರು ಮಕ್ಕಳನ್ನು ತಿಂಡಿಯ ವೇಳೆ ಬೇರೆ ಕೂರಿಸಬಾರದೆಂದು ಮಗಳು ಹಟ ಹಿಡಿದಿದ್ದಾಳೆ, ಅದೂ ಸರಿಯೇ. ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಮಕ್ಕಳ ನೃತ್ಯ ಮುಗಿದ ಕೂಡಲೇ ತಂಪು ಪಾನೀಯದ ಬಾಟಲಿ ಹಂಚುವ ಪರಿಪಾಠದ ಬಗ್ಗೆ ಕಾರ್ಯಕಾರಿ ಸಮಿತಿಯಲ್ಲಿ ಮಾತೆತ್ತಿದ್ದೇನೆ. ಪ್ರಾಯೋಜಕರು ಬೇಸರಿಸಿಕೊಂಡಾರು ಎಂಬ ಅಭಿಪ್ರಾಯ ಬಂತು. ಮುಂದಿನ ಸಭೆಯಲ್ಲಿ ಮತ್ತೆ ಎತ್ತುವವನಿದ್ದೇನೆ.

ಮೊಮ್ಮಗಳ ದವಡೆ ಹಲ್ಲಿಗೆ ಈಗ ಬೆಳ್ಳಿ ಬಣ್ಣದ ಟೋಪಿ ಕೂತಿದೆ, ಅದನ್ನು ಎಲ್ಲರಿಗೂ ಬಾಯಿ ತೆರೆದು ತೋರಿಸುತ್ತಾಳೆ. ಸಂಜೆ ಅಂಗಡಿಯ ಮುಂದೆ ಬಂದಾಗ ಇನ್ನೂ ನನ್ನ ಕೈ ಎಳೆಯುತ್ತಾಳೆ. ನಾವು ರಸ್ತೆ ದಾಟಿ ಆಚೆ ಬದಿಯಿಂದ ಬರುತ್ತೇವೆ. ತಿಂಡಿಯ ವಾರದ ಪಟ್ಟಿಯನ್ನು ಕನ್ನಡ, ಮರಾಠಿ ಎರಡರಲ್ಲೂ ದೊಡ್ಡಕ್ಷರದಲ್ಲಿ ಬರೆದುಕೊಡಿ, ಗೋಡೆಗೆ ಅಂಟಿಸುತ್ತೇನೆ ಎಂದು ಮಾವಶಿ ಹೇಳಿದ್ದಾರೆ. ಈ ಶನಿವಾರ ಕೂತು ಬರೆಯಬೇಕು, ಮರಾಠಿಯ ಕಾಗುಣಿತವನ್ನು ಮಗಳು ತಿದ್ದುತ್ತಾಳೆ.