ಮೂಗಿನ ಮೇಲಲ್ಲ, ಒಳಗೇ ಬೆರಳು

ದಿನಕ್ಕೆ ಎಷ್ಟು ಸಲ ಮೂಗಿಗೆ ಬೆರಳು ಹಾಕುತ್ತೀಯ? ಮನೆಯಲ್ಲಿ ಅಮ್ಮ ಕೇಳಿದರೆ ಇದು ಗದರಿಕೆ. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಚಿತ್ತರಂಜನ್ ಆಂಡ್ರಾಡೆ ಮತ್ತು ಬಿ.ಎಸ್. ಶ್ರೀಹರಿ ಕೇಳಿದಾಗ ಅದು ಸಂಶೋಧನೆಯಾಯಿತು. ನಾಲ್ಕು ಶಾಲೆಗಳ 200 ಹದಿಹರೆಯದವರನ್ನು ಅವರು ವಿಚಾರಿಸಿದರು. ಹೆಚ್ಚುಕಡಿಮೆ ಎಲ್ಲರೂ ಹೌದೆಂದು ಒಪ್ಪಿಕೊಂಡರು. ಲೆಕ್ಕ ಹಾಕಿದರೆ ಮಧ್ಯದ ಅಂಕಿ ದಿನಕ್ಕೆ 4 ಸಲ. ಶೇ 7.6ರಷ್ಟು ಮಕ್ಕಳದ್ದು ಮಾತ್ರ 20 ಸಲಕ್ಕೂ ಮೇಲೆ. ತಮಗಿದು ಗಂಭೀರ ಸಮಸ್ಯೆಯೇ ಆಗಿದೆ ಎಂದವರು ಸುಮಾರು ಶೇ 17. ಈ ವಿಷಯದಲ್ಲಿ ಬಡವ-ಬಲ್ಲಿದರೆಂಬ ಭೇದವೂ ಕಾಣಲಿಲ್ಲವಂತೆ. ಸಮಾನತೆ ಎಲ್ಲೋ ಒಂದು ಕಡೆಯಾದರೂ ಇದೆಯಲ್ಲ!

ಈ ಅಧ್ಯಯನಕ್ಕೆ 2001ರಲ್ಲಿ ಸಾರ್ವಜನಿಕ ಆರೋಗ್ಯ ವಿಭಾಗದ ಇಗ್ ನೊಬೆಲ್ ಪ್ರಶಸ್ತಿ ಬಂತು. ಕೆಲವರು ಪರರ ವ್ಯವಹಾರದಲ್ಲಿ ಮೂಗು ತೂರಿಸುತ್ತಾರೆ, ತಾನು ಪರರ ಮೂಗನ್ನೇ ವ್ಯವಹಾರ ಮಾಡಿಕೊಂಡೆ ಎಂಬ ಅರ್ಥದ ಮಾತಾಡಿ ಆಂಡ್ರಾಡೆ ಸಭೆಯನ್ನು ನಗಿಸಿದರು. ನಗು ಮುಗಿದ ಮೇಲೂ ಪ್ರಶ್ನೆ ಉಳಿಯುತ್ತದೆ. ಮೂಗು ಕೆರೆದು ಕೆರೆದು ರಕ್ತ ಬರಿಸಿಕೊಳ್ಳುವವರಿದ್ದಾರೆ, ಬಿಡಬೇಕೆಂದರೂ ಬಿಡಲಾಗದವರಿದ್ದಾರೆ. ಚಟ ಎಲ್ಲಿಗೆ ಮುಗಿಯಿತು, ಕಾಯಿಲೆ ಎಲ್ಲಿಂದ ಶುರುವಾಯಿತು ಎಂದು ವೈದ್ಯರು ಹೇಳಬೇಕಾದರೆ, ಮೊದಲು ಮಾಮೂಲಿ ಎಂದರೆ ಎಷ್ಟು ಎಂಬುದು ಗೊತ್ತಿರಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದೊಡ್ಡವರನ್ನು ಕೇಳಿ ಒಂದು ಸಮೀಕ್ಷೆ ಮೊದಲೇ ಆಗಿತ್ತು. ನಮ್ಮವರು ಹದಿಹರೆಯದವರನ್ನು ಹಿಡಿದರು. ಎಲ್ಲರೂ ಮಾಡುವ, ಯಾರೂ ಬಾಯಿಬಿಡದ ಕೆಲಸವನ್ನು ಎಣಿಸಲು ಹೊರಡುವುದಕ್ಕೆ ಒಂದು ಬಗೆಯ ಧೈರ್ಯ ಬೇಕು ಎಂದೇ ನನಗನ್ನಿಸುತ್ತದೆ.

ಇಗ್ ನೊಬೆಲ್ 1991ರಲ್ಲಿ ಅಮೆರಿಕದ ಮಾರ್ಕ್ ಅಬ್ರಹಾಮ್ಸ್ ಶುರುಮಾಡಿದ ಪ್ರಶಸ್ತಿ. ಮೊದಲು ನಗಿಸಬೇಕು, ಆಮೇಲೆ ಯೋಚನೆಗೆ ಹಚ್ಚಬೇಕು, ಅಂಥ ಕೆಲಸಕ್ಕೆ ಇದು ಸಲ್ಲುತ್ತದೆ. ಬಹಳ ವರ್ಷ ಸಮಾರಂಭ ನಡೆದದ್ದು ಹಾರ್ವರ್ಡ್‌ನ ಸ್ಯಾಂಡರ್ಸ್ ಥಿಯೇಟರಿನಲ್ಲಿ. ಬಹುಮಾನ ಕೊಡಲು ನಿಜವಾದ ನೊಬೆಲ್ ವಿಜೇತರೇ ಬರುತ್ತಾರೆ. ನಗದು ಎಂದು ಜಿಂಬಾಬ್ವೆಯ ಹತ್ತು ಲಕ್ಷ ಕೋಟಿ ಡಾಲರಿನ ನೋಟು ಕೊಟ್ಟದ್ದೂ ಉಂಟು. ಅದರಲ್ಲಿ ಒಂದು ಕಾಫಿಯೂ ಸಿಗದು. ಸಭಿಕರು ವೇದಿಕೆಗೆ ಕಾಗದದ ವಿಮಾನ ಎಸೆಯುತ್ತಾರೆ. ಅವನ್ನು ವರ್ಷಗಟ್ಟಲೆ ಗುಡಿಸಿದವರು ಹಾರ್ವರ್ಡ್‌ನ ಭೌತವಿಜ್ಞಾನಿ ರಾಯ್ ಗ್ಲಾಬರ್, 2005ರಲ್ಲಿ ಅಸಲಿ ನೊಬೆಲ್ ಪಡೆದವರು. ಭಾಷಣ ಉದ್ದವಾದರೆ ಎಂಟು ವರ್ಷದ ಹುಡುಗಿಯೊಬ್ಬಳು ವೇದಿಕೆಗೆ ಬಂದು, ‘ದಯವಿಟ್ಟು ನಿಲ್ಲಿಸಿ, ನನಗೆ ಬೇಜಾರಾಗ್ತಿದೆ’ ಎಂದು ನಿಲ್ಲಿಸುವ ತನಕ ಹೇಳುತ್ತಲೇ ಇರುತ್ತಾಳೆ. ನಮ್ಮ ಅಧ್ಯಕ್ಷೀಯ ಭಾಷಣಗಳಿಗೆ ಅವಳನ್ನು ಎರವಲು ತರಬೇಕು.

ಎಲ್ಲರಿಗೂ ಇದು ಹಿಡಿಸಿಲ್ಲ. ನೆನೆದ ಉಪಾಹಾರದ ಚಕ್ಕೆ ಹೇಗೆ ಮೆತ್ತಗಾಗುತ್ತದೆ ಎಂದು ಹುಡುಕಿದ ಇಂಗ್ಲೆಂಡಿನ ತಂಡವೊಂದಕ್ಕೆ 1995ರಲ್ಲಿ ಪ್ರಶಸ್ತಿ ಬಂದಾಗ, ಅಲ್ಲಿನ ಸರ್ಕಾರದ ಮುಖ್ಯ ವಿಜ್ಞಾನ ಸಲಹೆಗಾರ ರಾಬರ್ಟ್ ಮೇ ಸಿಟ್ಟಾದರು. ಬ್ರಿಟಿಷ್ ವಿಜ್ಞಾನಿಗಳಿಗೆ ಇನ್ನು ಇದನ್ನು ಕೊಡಬೇಡಿ, ಒಳ್ಳೆಯ ಸಂಶೋಧನೆ ನಗೆಪಾಟಲಾಗುತ್ತದೆ ಎಂಬುದು ಅವರ ತಕರಾರು. ತಕರಾರು ಗೆಲ್ಲಲಿಲ್ಲ. ಸಾಮಾನ್ಯವಾಗಿ ವಿಜೇತರನ್ನು ಮೊದಲೇ ಗುಟ್ಟಾಗಿ ಕೇಳುತ್ತಾರೆ, ಬೇಡವೆಂದರೆ ವಿಷಯ ಅಲ್ಲಿಗೇ ಮುಕ್ತಾಯ. ಭೌತವಿಜ್ಞಾನಿ ಆಂದ್ರೆ ಗೈಮ್ ಬೇಡ ಎನ್ನಲಿಲ್ಲ. ಆಯಸ್ಕಾಂತದ ಬಲದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದಕ್ಕೆ 2000ದಲ್ಲಿ ಇಗ್ ನೊಬೆಲ್ ತೆಗೆದುಕೊಂಡರು. ಗ್ರಾಫೀನ್ ಎಂಬ ವಸ್ತುವಿನ ಮೇಲಿನ ಕೆಲಸಕ್ಕೆ 2010ರಲ್ಲಿ ನೊಬೆಲನ್ನೂ ತೆಗೆದುಕೊಂಡರು.

ನನಗೆ ಹೆಚ್ಚು ಇಷ್ಟವಾದದ್ದು ಕೇರಳ ಕೃಷಿ ವಿಶ್ವವಿದ್ಯಾಲಯದ ಕೆ.ಪಿ. ಶ್ರೀಕುಮಾರ್ ಮತ್ತು ಜಿ. ನಿರ್ಮಲನ್ ಅವರ ಲೆಕ್ಕ. 2002ರ ಗಣಿತದ ಇಗ್ ನೊಬೆಲ್ ಅವರದ್ದು. ಪ್ರಶ್ನೆ: ಆನೆಯ ಮೈಮೇಲಿನ ಚರ್ಮದ ಒಟ್ಟು ವಿಸ್ತೀರ್ಣವೆಷ್ಟು? ತೂಕ ನೋಡುವುದು ಸುಲಭ. ದಸರೆಗೆ ಮೈಸೂರಿಗೆ ಬಂದ ಆನೆಗಳನ್ನು ಲಾರಿ ತೂಗುವ ವೇ ಬ್ರಿಜ್ ಮೇಲೆ ಹತ್ತಿಸಿದರೆ ಕೆಲಸ ಮುಗಿಯಿತು. ಚರ್ಮವನ್ನು ಹಾಗೆ ತೂಗಲಾಗದು. ಆದರೆ ದೇಹ ಬಿಸಿಯನ್ನು ಹೊರಹಾಕುವುದು ಬಹುಮಟ್ಟಿಗೆ ಚರ್ಮದ ಮೂಲಕ. ಹಾಗಾಗಿ ಪ್ರಾಣಿಶರೀರದ ಹಲವು ಲೆಕ್ಕಗಳಿಗೆ ಈ ವಿಸ್ತೀರ್ಣ ಬೇಕಾಗುತ್ತದೆ. ಕಿವಿ, ಸೊಂಡಿಲು, ಕಂಕುಳ ಮಡಿಕೆಗಳಿಗೆಲ್ಲ ಪ್ರತಿ ಸಲ ಟೇಪು ಹಿಡಿಯಲು ಯಾವ ಆನೆ ಬಿಟ್ಟೀತು? ಭುಜದ ಎತ್ತರ, ಮುಂಗಾಲಿನ ಪಾದದ ಸುತ್ತಳತೆ, ಇವೆರಡನ್ನು ಹಾಕಿದರೆ ವಿಸ್ತೀರ್ಣ ಅಂದಾಜಿಸಿಕೊಡುವ ಸೂತ್ರ ಕಟ್ಟಿದರು ಇಬ್ಬರೂ. ಆನೆ ಬಲ್ಲವರಿಗೆ ಈ ಅಳತೆಗಳ ನಂಟು ಹಳೆಯದೇ: ಮುಂಗಾಲ ಹೆಜ್ಜೆಯ ಸುತ್ತಳತೆ ಎರಡು ಪಟ್ಟಾದರೆ ಸರಿಸುಮಾರು ಆನೆಯ ಎತ್ತರ.

ಭಾರತಕ್ಕೆ 2025ರಲ್ಲೂ ಒಂದು ಬಂತು, ಶೂ ವಾಸನೆಯ ಕೆಲಸಕ್ಕೆ. ದೆಹಲಿ ಪಕ್ಕದ ಶಿವ ನಾಡಾರ್ ವಿಶ್ವವಿದ್ಯಾಲಯದ ವಿಕಾಸ್ ಕುಮಾರ್ ಮತ್ತು ಸಾರ್ಥಕ್ ಮಿತ್ತಲ್, ಹಾಸ್ಟೆಲ್ ಹುಡುಗರು ಶೂಗಳನ್ನು ಕೋಣೆಯ ಹೊರಗೇ ಬಿಡುವುದನ್ನು ಕಂಡರು. ಜಾಗ ಸಾಲದೆಂದಲ್ಲ, ನಾತ ತಡೆಯಲಾರದೆ. ಇಬ್ಬರೂ ಶೂ ರ‍್ಯಾಕಿನೊಳಗೆ ಅತಿನೇರಳೆ ದೀಪ ಇಟ್ಟರು. ನಾತ ಹುಟ್ಟಿಸುವ ಬ್ಯಾಕ್ಟೀರಿಯಾಕ್ಕೆ ಕೆಲವೇ ನಿಮಿಷದ ಬೆಳಕು ಸಾಕಾಯಿತು. ಇನ್ನಷ್ಟು ಹೊತ್ತು ಉರಿಸಿದರೆ ಮಾತ್ರ ಬೇರೆ ಫಜೀತಿ: ಬೆವರಿನ ನಾತ ಹೋಗಿ ರಬ್ಬರು ಸುಟ್ಟ ವಾಸನೆ ಶುರು.