ಬಾಡಿಗೆ ಬಿಸಿಲಿಗೆ ತೆತ್ತ ಬೆಲೆ

ಬಿಸಿಲಿಗೆ ಹೋದರೆ ಕಪ್ಪಾಗುತ್ತೇವೆಂದು ಕೊಡೆ ಹಿಡಿಯುವ, ಸ್ಕೂಟರ್ ಏರುವ ಮುನ್ನ ದುಪಟ್ಟಾದಿಂದ ಮುಖ ಸುತ್ತಿಕೊಳ್ಳುವ ನಮ್ಮ ನಾಡಿನವರಿಗೆ ಇದು ಸುಲಭವಾಗಿ ನಂಬಲಾಗದ ಮಾತು. ಯೂರೋಪು, ಅಮೆರಿಕಗಳಲ್ಲಿ ಹಣ ಕೊಟ್ಟು ಮೈ ಕಂದು ಮಾಡಿಸಿಕೊಳ್ಳುವವರಿದ್ದಾರೆ! ಅದಕ್ಕೆಂದೇ ಅಲ್ಲಿ ‘ಟ್ಯಾನಿಂಗ್ ಸಲೂನ್’ಗಳಿವೆ. ಒಳಗೆ ಮುಚ್ಚಳವಿರುವ ಉದ್ದನೆಯ ಪೆಟ್ಟಿಗೆಯಂಥ ಹಾಸಿಗೆ. ಮೇಲೂ ಕೆಳಗೂ ಸಾಲಾಗಿ ಜೋಡಿಸಿದ ಟ್ಯೂಬ್‌ಲೈಟುಗಳು. ಬಟ್ಟೆ ಕಳಚಿ, ಕಣ್ಣಿಗೆ ಪುಟ್ಟ ಕಪ್ಪು ಕನ್ನಡಕ ಧರಿಸಿ ಕೆಲವು ನಿಮಿಷ ಮಲಗಿದರೆ ಆಯಿತು, ಆ ಹೊತ್ತಿನ ‘ಬಿಸಿಲು ಸ್ನಾನ’ ಮುಗಿದಂತೆ. ಹೀಗೆ ನಾಲ್ಕಾರು ಸಲ ಹೋಗಿ ಬಂದರೆ ಬಿಳಿ ಮೈಗೆ ಕಂದು ಛಾಯೆ ಹತ್ತುತ್ತದೆ. ಹೊರಗೆ ಹಿಮ ಸುರಿಯುತ್ತಿದ್ದರೂ ಚಿಂತೆಯಿಲ್ಲ.

ಇತ್ತ ನಮ್ಮ ಬ್ಯೂಟಿ ಪಾರ್ಲರ್‌ಗಳಲ್ಲಿ ‘ಡೀ-ಟ್ಯಾನ್’ ಹೆಸರಿನಲ್ಲಿ ಬಿಸಿಲಿಗೆ ಬಂದ ಕಪ್ಪನ್ನು ತೆಗೆಸಿಕೊಳ್ಳಲು ಸರದಿ. ಅತ್ತ ಅದೇ ಕಪ್ಪನ್ನು ಕೊಳ್ಳಲು ಸರದಿ. ದೂರದ ಬೆಟ್ಟ ನುಣ್ಣಗೆ ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಮೋಹ ಪ್ರಾಣಕ್ಕೇ ಎರವಾಗಬಲ್ಲದು. ಚೆಂದವೆಂದು ಕೊಂಡ ಆ ಕಂದು ಬಣ್ಣ ಆರೋಗ್ಯದ ಗುರುತಲ್ಲ. ಪೆಟ್ಟು ತಿಂದ ಚರ್ಮ ತೋರುವ ಗುರುತು.

ಫ್ಯಾಷನ್ ಬದಲಾದ ಬಗೆ

ಯೂರೋಪಿನಲ್ಲೂ ಒಂದು ಕಾಲಕ್ಕೆ ಬಿಳಿಚು ಮೈಯೇ ಸಿರಿವಂತಿಕೆಯ ಲಕ್ಷಣವಾಗಿತ್ತು. ಹೊಲದಲ್ಲಿ ದುಡಿಯುವವರ ಮೈ ಕಂದು, ಮನೆಯೊಳಗಿರುವ ಒಡತಿಯ ಮೈ ಬಿಳಿ. ದುಡಿಯುವ ಜನ ಹೊಲ ಬಿಟ್ಟು ಕಾರ್ಖಾನೆ, ಗಣಿಗಳಿಗೆ ನುಗ್ಗಿದ ಮೇಲೆ ಲೆಕ್ಕ ತಲೆಕೆಳಗಾಯಿತು. ಬಿಸಿಲು ಕಾಣದ ಕಾರ್ಮಿಕನ ಮುಖ ಬಿಳಿಚಿಕೊಂಡಿತು. ರಜೆಯಲ್ಲಿ ಕಡಲತೀರಕ್ಕೆ ಹೋಗಿಬರಬಲ್ಲ ಶ್ರೀಮಂತರ ಮೈ ಕಂದಾಯಿತು. 1920ರ ದಶಕದಲ್ಲಿ ಫ್ರಾನ್ಸಿನ ವಸ್ತ್ರ ವಿನ್ಯಾಸಕಿ ಕೊಕೊ ಶನೆಲ್ ವಿಹಾರದಿಂದ ಕಂದು ಮೈ ಹೊತ್ತು ಬಂದದ್ದೇ ಈ ಫ್ಯಾಷನ್ನಿಗೆ ನಾಂದಿ ಎಂಬ ಕಥೆ ಜನಜನಿತ.

ಇದಕ್ಕೆ ವೈದ್ಯಕೀಯದ ಬೆಂಬಲವೂ ಸೇರಿಕೊಂಡಿತು. ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಚರ್ಮದ ಕ್ಷಯವನ್ನು ದೀಪದ ಬೆಳಕಿನಿಂದ ಗುಣಪಡಿಸಿ 1903ರಲ್ಲಿ ನೊಬೆಲ್ ಬಹುಮಾನ ಪಡೆದಿದ್ದರು. 1919ರಲ್ಲಿ ಬರ್ಲಿನ್ನಿನ ವೈದ್ಯ ಕರ್ಟ್ ಹುಲ್ಡ್‌ಶಿನ್‌ಸ್ಕಿ, ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುವ ರಿಕೆಟ್ಸ್ ರೋಗದ ಮಕ್ಕಳಿಗೆ ಅತಿನೇರಳೆ ದೀಪದ ಚಿಕಿತ್ಸೆ ನೀಡಿ ಯಶಸ್ವಿಯಾದರು. ಬಿಸಿಲು ಅಮೃತ, ದೀಪದ ಬಿಸಿಲೂ ಅಮೃತ ಎಂಬ ನಂಬಿಕೆ ಬೆಳೆಯಲು ಇನ್ನೇನು ಬೇಕು? 1970ರ ದಶಕದಲ್ಲಿ ಜರ್ಮನಿಯ ಫ್ರೆಡ್ರಿಕ್ ವೂಲ್ಫ್ ರೂಪಿಸಿದ ಟ್ಯಾನಿಂಗ್ ಹಾಸಿಗೆ ಆ ದಶಕದ ಕೊನೆಗೆ ಅಮೆರಿಕ ತಲುಪಿತು. ರೋಗಿಗೆಂದು ಹುಟ್ಟಿದ ದೀಪ ಹೀಗೆ ಅಂಗಡಿಗೆ ಬಂತು.

ಚರ್ಮ ಹಿಡಿಯುವ ಕೊಡೆ

ಬಿಸಿಲಿಗೆ ಮೈ ಕಪ್ಪಾಗುವುದೇಕೆ? ಚರ್ಮದ ಹೊರಪದರದ ಬುಡದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ತಯಾರಿಸುವ ಕೋಶಗಳಿವೆ. ಬಿಳಿಯರಲ್ಲೂ ಕರಿಯರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆ ಮಾತ್ರ ಬೇರೆ. ಅತಿನೇರಳೆ ಕಿರಣ ಬಿದ್ದು ಚರ್ಮಕೋಶದ ಡಿಎನ್‌ಎಗೆ ಪೆಟ್ಟಾದಾಗ ಆ ಕೋಶ ಅಪಾಯದ ಸಂದೇಶ ಕಳಿಸುತ್ತದೆ. ಆಗ ಮೆಲನಿನ್ ಹೆಚ್ಚಾಗಿ ತಯಾರಾಗಿ, ಸುತ್ತಲಿನ ಕೋಶಗಳೊಳಗೆ ಸೇರಿ, ಡಿಎನ್‌ಎ ಇರುವ ಕೋಶಕೇಂದ್ರದ ಮೇಲೆ ಕೊಡೆಯಂತೆ ಹರಡಿಕೊಳ್ಳುತ್ತದೆ. ಅಂದರೆ ಕಪ್ಪಾಗುವ ಹೊತ್ತಿಗೆ ಪೆಟ್ಟು ಬಿದ್ದಾಗಿದೆ. ಮಳೆಯಲ್ಲಿ ನೆನೆದ ಮೇಲೆ ಕೊಡೆ ಬಿಚ್ಚಿದಂತೆ!

ಅತಿನೇರಳೆ ಕಿರಣಗಳಲ್ಲಿ ಭೂಮಿಗೆ ತಲುಪುವುದು ಎರಡು ಬಗೆ. ‘ಬಿ’ ಕಿರಣ ಮೇಲ್ಪದರವನ್ನು ಸುಟ್ಟು ಕೆಂಪಾಗಿಸುತ್ತದೆ. ‘ಎ’ ಕಿರಣ ಇನ್ನೂ ಆಳಕ್ಕಿಳಿದು ಚರ್ಮವನ್ನು ಬಿಗಿಯಾಗಿಡುವ ಎಳೆಗಳನ್ನು ಸಡಿಲಿಸಿ ಅಕಾಲದಲ್ಲೇ ಸುಕ್ಕು ತರುತ್ತದೆ. ಸಲೂನಿನ ದೀಪಗಳು ಸೂಸುವುದು ಬಹುಪಾಲು ‘ಎ’ ಕಿರಣ. ಶಕ್ತಿಶಾಲಿ ಯಂತ್ರಗಳಲ್ಲಿ ಇದರ ತೀವ್ರತೆ ಮೆಡಿಟರೇನಿಯನ್ ಸಮುದ್ರತೀರದ ನಡುಹಗಲ ಬಿಸಿಲಿಗಿಂತ 10ರಿಂದ 15 ಪಟ್ಟು ಹೆಚ್ಚಿರಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

‘ಟ್ಯಾನಿಂಗ್‌ನಿಂದ ಡಿ ವಿಟಮಿನ್ ಸಿಗುತ್ತದೆ’ ಎಂಬುದು ಸಲೂನಿನವರ ಹಳೆಯ ವಾದ. ಚರ್ಮದಲ್ಲಿ ಆ ವಿಟಮಿನ್ ತಯಾರಾಗಲು ಬೇಕಾದದ್ದು ‘ಬಿ’ ಕಿರಣ. ‘ಮೊದಲೇ ಸ್ವಲ್ಪ ಕಂದಾದರೆ ಕಡಲತೀರದಲ್ಲಿ ಮೈ ಸುಡುವುದಿಲ್ಲ’ ಎಂಬುದು ಇನ್ನೊಂದು. ಹಾಗೆ ಬಂದ ಬಣ್ಣ ಕೊಡುವ ರಕ್ಷಣೆ ಹೆಚ್ಚೆಂದರೆ ಎಸ್‌ಪಿಎಫ್ 3 ಅಥವಾ 4ರಷ್ಟು. ಅಂಗಡಿಯಲ್ಲಿ ಸಿಗುವ ಸಾಧಾರಣ ಸನ್‌ಸ್ಕ್ರೀನ್ ಕ್ರೀಮೂ ಇದಕ್ಕಿಂತ ಎಷ್ಟೋ ಮೇಲು.

ಒಮ್ಮೆ ಹೋದವರು ಮತ್ತೆ ಮತ್ತೆ ಹೋಗುವುದಕ್ಕೆ ಕನ್ನಡಿಯ ಹೊಗಳಿಕೆಯೊಂದೇ ಕಾರಣವಲ್ಲದಿರಬಹುದು. ಅತಿನೇರಳೆ ಕಿರಣ ಬಿದ್ದ ಇಲಿಗಳ ಚರ್ಮದಲ್ಲಿ ಅಫೀಮಿನಂತೆ ವರ್ತಿಸುವ ಎಂಡಾರ್ಫಿನ್ ತಯಾರಾಗುವುದನ್ನು ಅಮೆರಿಕದ ವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟರು.

ಮೆಲ್ಬರ್ನಿನ ಕ್ಲೇರ್

ಚರ್ಮದ ಕ್ಯಾನ್ಸರುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಮೆಲನೋಮ. ಇದು ಜಗತ್ತಿನಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ದೇಶಗಳ ಪೈಕಿ ಆಸ್ಟ್ರೇಲಿಯ ಮುಂಚೂಣಿಯಲ್ಲಿದೆ. ಮಂದ ಬಿಸಿಲಿನ ಬ್ರಿಟನ್, ಐರ್ಲೆಂಡ್‌ಗಳಿಂದ ವಲಸೆ ಬಂದವರ ವಂಶಜರ ಬಿಳಿ ಚರ್ಮಕ್ಕೆ ಅಲ್ಲಿನ ಪ್ರಖರ ಬಿಸಿಲು ಒಗ್ಗದು. ಅಂಗಿ ತೊಡಿ, ಕ್ರೀಮು ಹಚ್ಚಿ, ಟೋಪಿ ಧರಿಸಿ ಎಂಬ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಪ್ರಚಾರ ಅಲ್ಲಿ 1981ರಲ್ಲೇ ಆರಂಭವಾಗಿತ್ತು. ಇಷ್ಟಿದ್ದೂ ‘ಸೋಲಾರಿಯಂ’ ಎಂಬ ಹೆಸರಿನಲ್ಲಿ ದೀಪದ ಬಿಸಿಲಿನ ಅಂಗಡಿಗಳು ನಗರಗಳಲ್ಲಿ ತಲೆಯೆತ್ತಿದವು.

2007ರಲ್ಲಿ ಮೆಲ್ಬರ್ನಿನ ಕ್ಲೇರ್ ಆಲಿವರ್ ಎಂಬ ಯುವತಿ ಆಸ್ಪತ್ರೆಯ ಹಾಸಿಗೆಯಿಂದಲೇ ದೇಶದ ಗಮನ ಸೆಳೆದರು. ಮೆಲನೋಮ ಮೈಯೆಲ್ಲ ಹರಡಿತ್ತು. ಹಿಂದೆ ಸೋಲಾರಿಯಂಗೆ ಹೋಗಿದ್ದೇ ತನ್ನ ರೋಗಕ್ಕೆ ಕಾರಣವಾಯಿತೆಂದು ನಂಬಿದ್ದ ಆಕೆ, ಉಳಿದ ಕೆಲವೇ ದಿನಗಳನ್ನು ತನ್ನ ವಯಸ್ಸಿನವರನ್ನು ಎಚ್ಚರಿಸಲು ಬಳಸಿದರು. ಪತ್ರಿಕೆಗೆ ಬರೆದರು, ಟಿವಿಯಲ್ಲಿ ಮಾತಾಡಿದರು. ಆ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಆಕೆಗೆ ಬರೀ 26 ವರ್ಷ.

ಒಬ್ಬರ ಕ್ಯಾನ್ಸರಿಗೆ ಇಂಥದೇ ದೀಪ ಕಾರಣ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಆದರೆ ಸಾವಿರಾರು ಜನರ ಅಂಕಿಅಂಶ ಸುಳ್ಳು ಹೇಳಲಿಲ್ಲ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟ್ಯಾನಿಂಗ್ ಯಂತ್ರಗಳನ್ನು ತಂಬಾಕು, ಕಲ್ನಾರುಗಳ ಸಾಲಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವೆನಿಸಿದ ವಸ್ತುಗಳ ಪಟ್ಟಿಗೆ ಸೇರಿಸಿತು. 30 ವರ್ಷ ತುಂಬುವ ಮೊದಲೇ ಈ ಅಭ್ಯಾಸಕ್ಕೆ ಬಿದ್ದವರಲ್ಲಿ ಮೆಲನೋಮದ ಅಪಾಯ ಶೇ 75ರಷ್ಟು ಹೆಚ್ಚುತ್ತದೆ ಎಂದು ಅದು ಅಂದು ತಿಳಿಸಿತು.

ಅದೇ ವರ್ಷ ಬ್ರೆಜಿಲ್ ಸೌಂದರ್ಯಕ್ಕಾಗಿ ಈ ಯಂತ್ರ ಬಳಸುವುದನ್ನೇ ನಿಷೇಧಿಸಿತು. ಆಸ್ಟ್ರೇಲಿಯದಲ್ಲಿ ಮೊದಲು ವಯಸ್ಸಿನ ಮಿತಿ ಬಂತು. 2015ರ ಆರಂಭದ ವೇಳೆಗೆ ವಿಕ್ಟೋರಿಯ, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಮುಂತಾದ ರಾಜ್ಯಗಳು, 2016ರಲ್ಲಿ ಪಶ್ಚಿಮ ಆಸ್ಟ್ರೇಲಿಯ ಈ ಅಂಗಡಿಗಳ ಬಾಗಿಲು ಹಾಕಿಸಿದವು. ಈಗ ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಅನೇಕ ಶಾಲೆಗಳಲ್ಲಿ ‘ಟೋಪಿ ಇಲ್ಲದಿದ್ದರೆ ಆಟವಿಲ್ಲ’ ಎಂಬ ನಿಯಮ ಪಾಲಿಸುತ್ತಾರೆ. ಬ್ರಿಟನ್, ಜರ್ಮನಿಗಳಲ್ಲಿ 18 ತುಂಬದವರಿಗೆ ಪ್ರವೇಶವಿಲ್ಲ. ಆದರೆ ದೊಡ್ಡವರಿಗೆ ಬಾಗಿಲು ಇನ್ನೂ ತೆರೆದೇ ಇದೆ.

ಸುಡದೆಯೇ ಬಣ್ಣ ಬೇಕೆನ್ನುವವರಿಗೆ ಬೇರೊಂದು ದಾರಿಯುಂಟು. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್‌ಗೆನ್‌ಸ್ಟೈನ್ ಎಂಬ ಸಂಶೋಧಕಿ ಕಾಯಿಲೆಯ ಮಕ್ಕಳಿಗೆ ಒಂದು ಬಗೆಯ ಸಕ್ಕರೆಯ ದ್ರಾವಣ ಕುಡಿಸುತ್ತಿದ್ದಾಗ, ಅದು ಚೆಲ್ಲಿದ ಕಡೆ ಚರ್ಮ ಕಂದಾಗುವುದನ್ನು ಗಮನಿಸಿದರು. ಚರ್ಮದ ಸತ್ತ ಮೇಲ್ಪದರದೊಡನೆ ಅದು ಬೆರೆತು, ಕಾವಲಿಯ ಮೇಲೆ ದೋಸೆ ಕೆಂಪಗಾಗುವಂಥದೇ ಕ್ರಿಯೆಯಿಂದ ಬಣ್ಣ ಕೊಡುತ್ತದೆ. ವಾರದೊಳಗೆ ಮಾಸುತ್ತದೆ. ಬಿಸಿಲಿನಿಂದ ರಕ್ಷಣೆಯನ್ನೇನೂ ಕೊಡದು.

ಆಸ್ಪತ್ರೆಯ ದೀಪ ಬೇರೆ

ಹಾಗೆಂದು ಅತಿನೇರಳೆ ದೀಪವೆಲ್ಲ ಕೆಟ್ಟದ್ದಲ್ಲ. ಬಿಳಿಮಚ್ಚೆ, ಸೋರಿಯಾಸಿಸ್ ರೋಗಿಗಳಿಗೆ ನಮ್ಮ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲೂ ಬೆಳಕಿನ ಚಿಕಿತ್ಸೆ ಉಂಟು. ಬಾವಂಚಿ ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಒಡ್ಡುವುದು ಆಯುರ್ವೇದದ ಹಳೆಯ ಪದ್ಧತಿ. ಆ ಬೀಜದಲ್ಲಿರುವ ಸೊರಾಲೆನ್ ಚರ್ಮವನ್ನು ಬೆಳಕಿಗೆ ಸೂಕ್ಷ್ಮವಾಗಿಸುತ್ತದೆ. ಸೊರಾಲೆನ್ ಮತ್ತು ‘ಎ’ ಕಿರಣ ಸೇರಿಸಿದ ಚಿಕಿತ್ಸೆಯನ್ನು 1974ರಲ್ಲಿ ಅಮೆರಿಕದ ವೈದ್ಯರು ಸೋರಿಯಾಸಿಸ್‌ಗೆ ಬಳಸಿ ಪ್ರಕಟಿಸಿದರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 311 ನ್ಯಾನೊಮೀಟರ್ ಅಲೆಯಳತೆಯ ‘ಬಿ’ ಕಿರಣ. ಅಲ್ಲಿ ಪ್ರಮಾಣ ನಿಗದಿ ಮಾಡುವವರು ವೈದ್ಯರು, ಲೆಕ್ಕ ಇಡುವುದು ಆಸ್ಪತ್ರೆ. ಔಷಧಿಗೂ ಚಟಕ್ಕೂ ಇರುವ ವ್ಯತ್ಯಾಸವೇ ಇದು.

ನಮ್ಮ ಮನೆಯ ದೋಸೆಯೂ ತೂತೇ

ಪರದೇಶದವರ ಮರುಳನ್ನು ಕಂಡು ನಗುವ ಮುನ್ನ ನಮ್ಮ ಮನೆಯನ್ನೊಮ್ಮೆ ನೋಡಿಕೊಳ್ಳಬೇಕು. ವಧೂವರರ ಜಾಹೀರಾತಿನಲ್ಲಿ ‘ಎಣ್ಣೆಗೆಂಪು’, ‘ಗೋಧಿ ಬಣ್ಣ’ ಎಂದು ಅಳೆದೂ ಸುರಿದೂ ಬರೆಯುವವರು ನಾವು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಾಯಿತು, ಬೆಳ್ಳಗಾಗುವ ಹಂಬಲ ಹಾಗೇ ಉಳಿಯಿತು.

ಈ ಹಂಬಲಕ್ಕೂ ಬೆಲೆಯುಂಟು. ಬೆಳ್ಳಗಾಗಲೆಂದು ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಮೊಡವೆ ಏಳುತ್ತದೆ, ಮುಖದಲ್ಲಿ ಕೂದಲು ಬೆಳೆಯುತ್ತದೆ. ನಿಲ್ಲಿಸಿದರೆ ಮುಖ ಉರಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆದೇಶಿಸಿತು. ಪಾದರಸ ಬೆರೆತ ಕ್ರೀಮುಗಳಂತೂ ಮೂತ್ರಪಿಂಡಕ್ಕೇ ಕುತ್ತು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಿಳುಪಿನ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ರೋಗ ಕಾಣಿಸಿಕೊಂಡದ್ದು 2023ರಲ್ಲಿ ಸುದ್ದಿಯಾಗಿತ್ತು.

ಬಿಳಿಯರಿಗೆ ಕಂದು, ಕಂದು ಮೈಯವರಿಗೆ ಬಿಳಿ. ವ್ಯಾಪಾರಿಗೆ ಎರಡೂ ಒಂದೇ. ಹುಟ್ಟಿದ ಬಣ್ಣದ ಬಗ್ಗೆ ಅಸಮಾಧಾನ ಇರುವವರೆಗೆ ಅವನ ಗಲ್ಲಾಪೆಟ್ಟಿಗೆ ಬರಿದಾಗದು.

ಗಮನದಲ್ಲಿರಲಿ

* ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದೆಯೆಂದರೆ ಅತಿನೇರಳೆ ಕಿರಣ ಪ್ರಬಲವಾಗಿದೆ ಎಂದರ್ಥ. ಆ ಹೊತ್ತಿನಲ್ಲಿ ನೆರಳು, ಕೊಡೆ, ಅಗಲ ಅಂಚಿನ ಟೋಪಿ, ತುಂಬುತೋಳಿನ ಹತ್ತಿ ಬಟ್ಟೆ ಒಳ್ಳೆಯದು.

* ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಸುಮಾರು ಶೇ 97ರಷ್ಟು ‘ಬಿ’ ಕಿರಣ ತಡೆಯುತ್ತದೆ. ‘ಎ’ ಕಿರಣವನ್ನೂ ತಡೆಯುವಂಥದನ್ನೇ ಆರಿಸಿ. ತೆಳ್ಳಗೆ ಸವರಿದರೆ ಸಾಲದು. ಬಿಸಿಲಿನಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.

* ಮಚ್ಚೆಯೊಂದು ಆಕಾರ, ಅಂಚು, ಬಣ್ಣ ಬದಲಿಸಿದರೆ, 6 ಮಿಲಿಮೀಟರಿಗಿಂತ ದೊಡ್ಡದಾದರೆ, ರಕ್ತ ಒಸರಿದರೆ ಚರ್ಮರೋಗ ತಜ್ಞರಿಗೆ ತೋರಿಸಿ.

* ಕಪ್ಪು ಮೈಯವರಲ್ಲಿ ಮೆಲನೋಮ ಅಪರೂಪ, ಆದರೆ ಇಲ್ಲವೆಂದಲ್ಲ. ಅಂಗಾಲು, ಅಂಗೈ, ಉಗುರಿನಡಿ ಅದು ಅಡಗಿರಬಹುದು. ಗಾಯಕ ಬಾಬ್ ಮಾರ್ಲಿ 1981ರಲ್ಲಿ, 36ರ ವಯಸ್ಸಿನಲ್ಲಿ ಸತ್ತದ್ದು ಕಾಲ್ಬೆರಳ ಉಗುರಿನಡಿ ಆರಂಭವಾದ ಮೆಲನೋಮದಿಂದ.

* ಹೆಸರು, ತಯಾರಕರ ವಿಳಾಸ, ಪದಾರ್ಥಗಳ ಪಟ್ಟಿ ಇಲ್ಲದ ಕ್ರೀಮನ್ನು ಯಾರು ಹೊಗಳಿದರೂ ಮುಖಕ್ಕೆ ಹಚ್ಚಬೇಡಿ.